ಓಲ್ಡ್ ಸೋಪಿಯ ಏಳನೆಯ ಗೂಟ

1950 ಅಕ್ಟೋಬರ್ 14, ಶನಿವಾರ

ಬ್ರೆಡ್ ಅಂಗಡಿಯ ಸಾಲಿನಲ್ಲಿ ಹೊಸ ಪಾದ್ರಿಯ ಹೆಂಡತಿ ನನ್ನನ್ನು ಹಿಡಿದುಕೊಂಡಳು. "ನಿಮ್ಮೆಜಮಾನ್ರು ಕಾರ್ ರೇಸಿಗೆ ಹೋಗ್ತಾರಂತೆ. ನೀವೂ ಜೊತೇಲಿ ಹೋಗಿ ಸುಮ್ನೆ ಕೂತಿರ್ತೀರಂತೆ, ಪಾಪ," ಎಂದಳು. ಸುಮ್ಮನೆ ಕೂತಿರುವುದು ಎಂಬ ಮಾತಿಗೆ ಮೈಯೆಲ್ಲ ಉರಿದುಹೋಯಿತು. ಸಾಲಿನಲ್ಲಿದ್ದವರೆಲ್ಲ ಕೇಳುವ ಹಾಗೆ ಅವಳಿಗೆ ಪಾಠ ಮಾಡಿದೆ.

ನಮ್ಮದು ರೇಸ್ ಅಲ್ಲ, ಟ್ರಯಲ್. ಗಡಿಯಾರದ ಜೊತೆ ಓಟವಿಲ್ಲ, ಪಕ್ಕದಲ್ಲಿ ಇನ್ನೊಂದು ಕಾರೂ ಇಲ್ಲ. ಇರುವುದು ಒಂದು ಕೆಸರಿನ ಗುಡ್ಡ, ಅದರ ಬುಡದಿಂದ ತುದಿಯವರೆಗೆ ಹತ್ತು ಗೂಟ. ಎಲ್ಲೂ ನಿಲ್ಲದೆ ಹತ್ತನೆಯ ಗೂಟ ದಾಟಿದರೆ ಒಂದಂಕವೂ ಹೋಗುವುದಿಲ್ಲ. ಆರನೆಯದರಲ್ಲಿ ನಿಂತರೆ ನಾಲ್ಕು ಹೋಯಿತು. ಹಿಂದಿನ ಚಕ್ರಗಳು ಕೆಸರಿನಲ್ಲಿ ಸುಮ್ಮನೆ ಗಿರಗಿರ ತಿರುಗತೊಡಗಿದಾಗ ಅವುಗಳನ್ನು ನೆಲಕ್ಕೆ ಒತ್ತಿ ಹಿಡಿಯುವವರು ಯಾರು? ನಾನು. ಎಡಗಡೆ ಸೀಟಿನಿಂದ ಎದ್ದು, ತೆರೆದ ಕಾರಿನ ಬೆನ್ನ ಮೇಲೆ ವಾಲಿ, ಹಗ್ಗದ ಹಿಡಿ ಹಿಡಿದು, ಹದಿಮೂರು ಸ್ಟೋನ್, ಎಂದರೆ ನೂರೆಂಬತ್ತೆರಡು ಪೌಂಡ್, ತೂಗುವ ಈ ಮೈಯನ್ನು ಎತ್ತಿ ಎತ್ತಿ ಕುಕ್ಕುತ್ತೇನೆ. ಚಕ್ರ ಯಾವಾಗ ನೆಲ ಬಿಡುತ್ತದೆಂದು ಓಡಿಸುವವನಿಗಿಂತ ಮೊದಲು ನನ್ನ ಬೆನ್ನುಮೂಳೆಗೆ ತಿಳಿಯುತ್ತದೆ. ನಮ್ಮ ಕ್ಲಬ್ಬಿನಲ್ಲಿ ಇದಕ್ಕೆ ಕುಣಿತ ಎನ್ನುತ್ತಾರೆ.

"ಅಷ್ಟು ತೂಕ ಇರೋದು ಅನುಕೂಲಾನೇ ಬಿಡಿ," ಎಂದಳು ಪಾದ್ರಿಯ ಹೆಂಡತಿ. ಹೊಗಳಿಕೆಯೆಂದೇ ಇಟ್ಟುಕೊಂಡೆ.

ಯುದ್ಧದ ವರ್ಷಗಳನ್ನು ಬಿಟ್ಟು ಆರು ಚಳಿಗಾಲ ಕುಣಿದಿದ್ದೇನೆ. ಕಳೆದೆರಡು ಸಲವೂ ನನ್ನ ಗಂಡ ಲಯನೆಲ್ ಕ್ಲಬ್ಬಿನ ಚಳಿಗಾಲದ ಕಪ್ ಗೆದ್ದ. ಮೂರನೆಯ ಸಲವೂ ಗೆದ್ದರೆ ಕಪ್ ಶಾಶ್ವತವಾಗಿ ಅವನದೇ. ಅದರ ಮೇಲೆ ಅವನ ಹೆಸರು ಎರಡು ಕಡೆ ಕೆತ್ತಿದೆ. ಪ್ಯಾಸೆಂಜರ್ ಹೆಸರು ಕೆತ್ತುವ ಪದ್ಧತಿ ಇಲ್ಲ, ಇರಬೇಕೆಂದು ನಾನೂ ಹೇಳುವುದಿಲ್ಲ. ಈ ವರ್ಷ ಮೂರು ಟ್ರಯಲ್: ನವೆಂಬರ್, ಜನವರಿ, ಫೆಬ್ರವರಿ. ಲಯನೆಲ್‌ನ ಎಂ.ಜಿ. ಕಾರಿಗೆ ಹದಿನಾಲ್ಕು ವರ್ಷವಾದರೂ ಎಂಜಿನ್ ಗಟ್ಟಿಮುಟ್ಟಾಗಿದೆ. ಕಪ್ ಇಡಲು ಕಪಾಟಿನಲ್ಲಿ ಜಾಗ ಮಾಡಿಟ್ಟಿದ್ದೇನೆ.

ಅಕ್ಟೋಬರ್ 21, ಶನಿವಾರ

ಮೂರ್ಖ. ಮೂರ್ಖ ಎಂದರೆ ನನ್ನ ಗಂಡ.

ಕಾರಿನ ಮುಂದೆ ಸರಳು ಸಿಕ್ಕಿಸಿ ತಿರುಗಿಸಿ ಎಂಜಿನ್ ಶುರುಮಾಡುವಾಗ ಹೆಬ್ಬೆರಳನ್ನು ಸರಳಿಗೆ ಸುತ್ತಿ ಹಿಡಿಯಬಾರದು. ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಹೋಗುತ್ತದೆ. ಹದಿನೈದು ವರ್ಷಗಳಿಂದ ಲಯನೆಲ್ ಈ ಉಪದೇಶವನ್ನು ಕಂಡಕಂಡವರಿಗೆಲ್ಲ ಮಾಡಿ ತಲೆ ತಿಂದಿದ್ದಾನೆ. ಇವತ್ತು ಬೆಳಿಗ್ಗೆ ಕಸಾಯಿ ಅಂಗಡಿಯ ಸಿರಿಲ್ ಗೇಟಿನ ಹತ್ತಿರ ಹರಟುತ್ತ ನಿಂತಿದ್ದ. "ನೋಡು ಸಿರಿಲ್, ಕೆಲವರು ಹೀಗೆ ಹಿಡೀತಾರೆ," ಎಂದು ಲಯನೆಲ್ ಹೆಬ್ಬೆರಳು ಸುತ್ತಿ ತೋರಿಸಿದ. ತೋರಿಸಿದ್ದಷ್ಟೇ ಅಲ್ಲ, ತಿರುಗಿಸಿಯೂಬಿಟ್ಟ.

ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಹದಿಮೂರು ವಾರ ಪ್ಲಾಸ್ಟರ್ ಎಂದರು ಡಾಕ್ಟರ್. ಬಣ್ಣದ ಕಾರ್ಖಾನೆಯಲ್ಲಿ ಕೆಂಪು ಬಟ್ಟೆ ಅದ್ದಿ ಅದ್ದಿ ಅವನ ಬೆರಳುಗಳಿಗೆ ಬಿಟ್ಟುಹೋಗದ ಕೆಂಪು ಹಿಡಿದಿದೆ. ಈಗ ಬಿಳಿ ಪ್ಲಾಸ್ಟರಿನ ತುದಿಯಲ್ಲಿ ಐದು ಕೆಂಪು ಬೆರಳು. ನಗು ಬಂತು, ಅವನ ಮುಖ ನೋಡಿ ನುಂಗಿಕೊಂಡೆ.

ಅಕ್ಟೋಬರ್ 28, ಶನಿವಾರ

ಫ್ಲೀಸ್ ಪಬ್ಬಿನಲ್ಲಿ ಕ್ಲಬ್ಬಿನ ಸಭೆ. ಕಾರ್ಯದರ್ಶಿ ಮಿಸ್ ಓಕಿ ನಿಯಮದ ಪುಸ್ತಕ ತೆರೆದು ಕೂತಿದ್ದಳು. ಅಂಕ ಕಾರಿಗಲ್ಲ, ಕಾರಿನ ಮಾಲೀಕನಿಗೂ ಅಲ್ಲ, ಸ್ಟಿಯರಿಂಗ್ ಹಿಡಿದವರಿಗೆ. ಮೂರೂ ಟ್ರಯಲ್ ಓಡಿಸಿದವರಿಗಷ್ಟೇ ಕಪ್. ಅಂದರೆ ಲಯನೆಲ್‌ಗೆ ಈ ವರ್ಷದ ಕಪ್ ತಪ್ಪಿತು, ಸಾಲಾಗಿ ಮೂರು ಗೆಲ್ಲುವ ಆಸೆಯೂ ಮುಗಿಯಿತು.

ಅವನು ಬಿಯರ್ ಲೋಟವನ್ನೇ ನೋಡುತ್ತ, "ಕಾರನ್ನ ಯಾರಿಗಾದ್ರೂ ಕೊಡ್ತೀನಿ. ಕೊಟ್ಟಿಗೇಲಿ ಕೊಳೆಯೋದು ಬೇಡ," ಎಂದ.

"ಯಾರಿಗೂ ಬೇಡ. ನಾನು ಓಡಿಸ್ತೀನಿ," ಎಂದೆ.

ಮೇಜಿನ ಸುತ್ತ ಇದ್ದವರೆಲ್ಲ ಕೆಮ್ಮಿದರು. ಕ್ಯಾಪ್ಟನ್ ಹ್ಯಾರಪ್ ಮಾತ್ರ ಮೀಸೆ ಸವರಿಕೊಂಡು, "ಮಿಸೆಸ್ ಟ್ರಿಗ್ ಮುಂದೆ ಹೋದ್ರೆ ಹಿಂದೆ ಕುಣಿಯೋರು ಯಾರು?" ಎಂದು ಕೇಳಿದ. ಅವನದು ಟ್ರಯಲ್‌ಗೆಂದೇ ಕಟ್ಟಿಸಿದ ಹೊಸ ಕಾರು, ಅವನ ಪ್ಯಾಸೆಂಜರ್ ಸಿರಿಲ್, ಹದಿನೇಳು ಸ್ಟೋನ್. ಇಡೀ ಊರಿಗೆ ಮಾಂಸ ರೇಷನ್ನಾದರೂ ಕಸಾಯಿಯ ಮೈ ಕರಗಿಲ್ಲ.

"ಲಯನೆಲ್ ಕುಣೀತಾನೆ. ಒಂದು ಕೈ ಸಾಕು," ಎಂದೆ.

"ಅವನು ಒಂಬತ್ತೂವರೆ ಸ್ಟೋನ್ ಕಣಮ್ಮಾ. ಅವನ ಬದ್ಲು ಒಂದು ಬೆಕ್ಕು ಕೂರಿಸ್ಕೋ," ಎಂದ ಸಿರಿಲ್. ಎಲ್ಲರೂ ನಕ್ಕರು, ಲಯನೆಲ್ ಕೂಡ.

ಓಡಿಸುವುದು ನನಗೇನು ಹೊಸದೇ. ಯುದ್ಧದ ನಾಲ್ಕು ವರ್ಷ ಇದೇ ಗುಡ್ಡಗಳಲ್ಲಿ ಹಾಲಿನ ಲಾರಿ ಓಡಿಸಿದ್ದೇನೆ, ಹಿಮದಲ್ಲಿ, ದೀಪವಿಲ್ಲದೆ. ನಲವತ್ತೈದರಲ್ಲಿ ಲಯನೆಲ್ ವಾಪಸು ಬಂದ ದಿನ ಬೀಗದ ಕೈಗಳನ್ನೆಲ್ಲ ಅವನ ಕೈಗೆ ಕೊಟ್ಟೆ. ಆಮೇಲೆ ಸ್ಟಿಯರಿಂಗ್ ಮುಟ್ಟಿಲ್ಲ. ಅವನು ಬೇಡವೆನ್ನಲಿಲ್ಲ, ನಾನು ಕೇಳಲಿಲ್ಲ.

ನವೆಂಬರ್ 5, ಭಾನುವಾರ

ಬೆನ್ನೆಟ್ ರೈತನ ಓಣಿಯಲ್ಲಿ ಅಭ್ಯಾಸ. ಲಯನೆಲ್‌ನ ಕಾರು ಲಾರಿಯಂತಲ್ಲ, ಕಿವಿ ಚುರುಕಾದ ಕುದುರೆಯ ಹಾಗೆ. ಕಾಲು ಒಂದು ಕೂದಲೆಳೆ ಹೆಚ್ಚು ಒತ್ತಿದರೂ ಚಕ್ರ ಜಾರುತ್ತದೆ. ಲಯನೆಲ್ ಪಕ್ಕದಲ್ಲಿ ಕೂತು ಹೇಳಿಕೊಡುತ್ತಲೇ ಇದ್ದ. "ಕಾಲು ಹಗುರ, ಕಾಲು ಹಗುರ." ಹತ್ತನೆಯ ಸಲಕ್ಕೆ, "ಕಾಲು ನಂದು ಕಣೋ, ನೀನು ಕುಣಿ," ಎಂದೆ. ಕುಣಿಯಲು ಹೋಗಿ ಸಗಣಿಗುಂಡಿಯ ಪಕ್ಕ ಬಿದ್ದ. ಪ್ಲಾಸ್ಟರ್ ಮಾತ್ರ ಎತ್ತಿ ಹಿಡಿದಿದ್ದ, ಬುದ್ಧಿವಂತ.

ನವೆಂಬರ್ 18, ಶನಿವಾರ

ಮೊದಲ ಟ್ರಯಲ್. ಆರು ಗುಡ್ಡ, ಕಳೆದುಕೊಂಡದ್ದು ನಾಲ್ಕು ಅಂಕ. ಹ್ಯಾರಪ್ ಕಳೆದುಕೊಂಡದ್ದು ಮೂರು. ಉಳಿದ ಇಪ್ಪತ್ತೊಂದು ಜನ ನಮ್ಮಿಬ್ಬರ ಹಿಂದೆ ಎಲ್ಲೋ ಇದ್ದಾರೆ.

ಆ ನಾಲ್ಕರಲ್ಲಿ ಒಂದೂ ನನ್ನ ತಪ್ಪಿನಿಂದ ಹೋದದ್ದಲ್ಲ. ಎರಡನೆಯ ಗುಡ್ಡದಲ್ಲಿ ಬಾವುಟ ಹಿಡಿದ ತೀರ್ಪುಗಾರನ ನಾಯಿ ಅಡ್ಡ ಬಂತು, ಅಲ್ಲಿ ಎರಡು ಹೋಯಿತು. ಐದನೆಯದರಲ್ಲಿ ನೇರ ಕಣ್ಣಿಗೆ ಬಿಸಿಲು, ಅಲ್ಲಿ ಇನ್ನೆರಡು. ನಾಯಿ ಆಗಲೇ ದಾಟಿಹೋಗಿತ್ತು ಎನ್ನುತ್ತಾನೆ ಲಯನೆಲ್. ಅವನು ಹಿಂದಕ್ಕೆ ವಾಲಿದ್ದವನು, ಅವನಿಗೆ ಕಂಡದ್ದೇನು?

ಆದರೂ ನಾಲ್ಕನೆಯ ಗುಡ್ಡದ ತುದಿಯಲ್ಲಿ ಕಾರು ಹುಲ್ಲಿನ ಮೇಲೆ ಹತ್ತಿ ನಿಂತಾಗ, ಮೈಮೇಲೆಲ್ಲ ಕೆಸರು, ಬಾಯಲ್ಲೂ ಕೆಸರು, ನನಗೆ ಕೂಗಬೇಕೆನಿಸಿತು. ಕೂಗಿದೆ ಕೂಡ. ಲಯನೆಲ್ ಹಿಂದಿನಿಂದ ನನ್ನ ಟೋಪಿಯ ಮೇಲೆ ಕೈಯಿಟ್ಟು ಒತ್ತಿದ. ಗಂಡನ ಬಾಯಿಂದ ಹೊಗಳಿಕೆ ಬರುವುದೇ ಹೀಗೆ.

ಮಿಸ್ ಓಕಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: 'ಮಿಸೆಸ್ ಎಲ್. ಟ್ರಿಗ್.' ಗಂಡನ ಎಲ್ ಅಲ್ಲ, ಮ್ಯಾವಿಸ್‌ನ ಎಂ ಎಂದೆ. ಮದುವೆಯಾದವರ ಹೆಸರು ಹೀಗೇ ಬರೆಯುವುದೆಂದಳು. ಸೀಮೆಸುಣ್ಣ ಕೇಳಿ ತೆಗೆದುಕೊಂಡು ನಾನೇ ತಿದ್ದಿದೆ.

ಡಿಸೆಂಬರ್ 3, ಭಾನುವಾರ

ಲಯನೆಲ್‌ನನ್ನು ದಪ್ಪ ಮಾಡುವ ಕೆಲಸ ಹಿಡಿದಿದ್ದೇನೆ. ಬೆಳಿಗ್ಗೆ ಓಟ್ಸ್ ಗಂಜಿ ಎರಡು ಬಟ್ಟಲು, ಮಧ್ಯಾಹ್ನ ಆಲೂಗಡ್ಡೆ, ಸಂಜೆ ಆಲೂಗಡ್ಡೆ. ಬೆಣ್ಣೆಯಲ್ಲಿ ನನ್ನ ಪಾಲನ್ನೂ ಅವನಿಗೇ ಹಾಕುತ್ತೇನೆ. ಒಂದು ತಿಂಗಳಿಗೆ ಒಂದು ಪೌಂಡ್ ಏರಿದ್ದಾನೆ. ಅದು ಪ್ಲಾಸ್ಟರಿನ ಕೊಳೆಯ ತೂಕವಿರಬೇಕು.

ಡಿಸೆಂಬರ್ 26, ಮಂಗಳವಾರ

ಸಿರಿಲ್ ಕ್ರಿಸ್‌ಮಸ್‌ಗೆ ಹಂದಿಮಾಂಸದ ಕಡುಬು ಕಳಿಸಿದ್ದ, ಮೇಲೆ ಚೀಟಿ: 'ಬೆಕ್ಕಿಗೆ.' ಲಯನೆಲ್ ಚೀಟಿ ಓದಿ ನಗಲಿಲ್ಲ. ಕಡುಬನ್ನೂ ಮುಟ್ಟಲಿಲ್ಲ.

ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ನೋಡಿದೆ. ಎಡಗೈಯಲ್ಲಿ ಬಟ್ಟೆ ಹಿಡಿದು ಸ್ಟಿಯರಿಂಗ್ ಒರೆಸುತ್ತ ಕೂತಿದ್ದ. ನಿನ್ನೆ ನಾನೇ ಒರೆಸಿಟ್ಟದ್ದು. ಚಳಿಯಲ್ಲಿ ಯಾಕೆ ಕೂತಿದ್ದೀಯಾ, ಒಳಗೆ ಬಾ ಎಂದೆ. ಬಂದ.

1951 ಜನವರಿ 13, ಶನಿವಾರ

ಎರಡನೆಯ ಟ್ರಯಲ್. ಐದು ಗುಡ್ಡ ಹತ್ತಿದೆ, ಒಂದಂಕವೂ ಹೋಗಲಿಲ್ಲ. ಸಿರಿಲ್‌ನ ಬಾಯಿಗೆ ಬೀಗ ಬಿತ್ತು. ಆರನೆಯದು ಓಲ್ಡ್ ಸೋಪಿ. ಕಲ್ಲಿನ ಮೇಲೆ ಸದಾ ನೀರು ಜಿನುಗುವ, ಸೋಪು ಸವರಿದಂಥ ಓಣಿ. ಹಿಡಿತ ಸಿಗಲೆಂದು ಕೆಳಗೆ ನಿಂತು ಹಿಂದಿನ ಟಯರುಗಳ ಗಾಳಿ ಇಳಿಸಿದೆ. ಬಾವುಟ ಬಿತ್ತು, ಹೊರಟೆ. ಮೊದಲ ಗೇರು, ಕಾಲು ಹೂವಿನಷ್ಟು ಹಗುರ. ನಾಲ್ಕು, ಐದು, ಆರು. ಏಳನೆಯ ಗೂಟದ ಹತ್ತಿರ ಚಕ್ರ ಜಾರಿತು. "ಈಗ," ಎಂದು ಕೂಗಿದೆ. ಹಿಂದಿನಿಂದ ಭಾರ ಬೀಳಲಿಲ್ಲ. ಕಾರು ನಿಂತುಬಿಟ್ಟಿತು.

ಮೂರು ಅಂಕ ಹೋಯಿತು. ಹ್ಯಾರಪ್ ದಿನವಿಡೀ ಕಳೆದುಕೊಂಡದ್ದು ಬರೀ ಎರಡು. ಈಗ ನಾನು ಅವನಿಗಿಂತ ಒಟ್ಟು ಎರಡು ಅಂಕ ಹಿಂದೆ.

ಅವನ ತೂಕ ಸಾಲದು, ಅಷ್ಟೇ. ಒಂಬತ್ತೂವರೆ ಸ್ಟೋನ್ ಮನುಷ್ಯ, ಒಂದು ಕೈ ಬೇರೆ. ಯಾರನ್ನು ದೂರಲಿ. ಮನೆಗೆ ಬರುವ ದಾರಿಯಲ್ಲಿ ಅವನು ಪ್ಲಾಸ್ಟರನ್ನೇ ನೋಡುತ್ತ ಕೂತಿದ್ದ. ಕೈ ನೋಯುತ್ತಿದೆಯೇ ಎಂದೆ, ಹೌದು ಎಂದ. ಪಾಪ. ಬಿಸಿನೀರಿನ ಬಾಟಲಿ ಕೊಟ್ಟು ಮಲಗಿಸಿದೆ.

ಜನವರಿ 23, ಮಂಗಳವಾರ

ಪ್ಲಾಸ್ಟರ್ ತೆಗೆದರು. ಮಣಿಕಟ್ಟು ಸಿಪ್ಪೆ ಸುಲಿದ ಕಡ್ಡಿಯಂತಾಗಿದೆ, ಆದರೆ ಗಟ್ಟಿ. ಡಾಕ್ಟರ್ ತಮ್ಮ ಕೈ ಚಾಚಿ ಹಿಂಡಲು ಹೇಳಿದರು. ಅವನು ಹಿಂಡಿದ, ಡಾಕ್ಟರೇ ಕೈ ಎಳೆದುಕೊಂಡರು. ಆಸ್ಪತ್ರೆಯಿಂದ ಮನೆವರೆಗೂ ಬೆರಳು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಮಾಡುತ್ತಲೇ ಇದ್ದ. ನನಗೂ ಸಂತೋಷವಾಯಿತು. ಯಾಕಾಗಬಾರದು?

ಜನವರಿ 27, ಶನಿವಾರ

ಪಬ್ಬಿನಲ್ಲಿ ಎಲ್ಲರ ಬಾಯಲ್ಲೂ ಮಾಂಟೆಕಾರ್ಲೋ ರ‍್ಯಾಲಿಯ ಮಾತು. ಹಿಮದಲ್ಲಿ ಎರಡು ಸಾವಿರ ಮೈಲಿ, ಆಮೇಲೆ ಸಮುದ್ರದ ಬದಿಯಲ್ಲಿ ಶಾಂಪೇನ್. ನಮ್ಮಲ್ಲಿ ಮಧ್ಯಾಹ್ನದೊಳಗೆ ಮುಗಿದು ಬೇಯಿಸಿದ ಹಂದಿಮಾಂಸ ಸಿಕ್ಕರೆ ಪುಣ್ಯ. ಆದರೆ ಆ ದೊಡ್ಡ ಮನುಷ್ಯರಲ್ಲಿ ಒಬ್ಬನನ್ನು ತಂದು ಓಲ್ಡ್ ಸೋಪಿಯ ಬುಡದಲ್ಲಿ ನಿಲ್ಲಿಸಿ ನೋಡಬೇಕು.

ಹ್ಯಾರಪ್ ಲಯನೆಲ್‌ನ ಬೆನ್ನು ತಟ್ಟಿದ. "ಕೈ ಬಂತಲ್ಲ, ಇನ್ನು ಗಾಡಿ ನಿಂದೇ. ಕಪ್ ಇಲ್ದಿದ್ರೇನು, ಗುಡ್ಡ ಇದೆಯಲ್ಲಯ್ಯಾ."

"ಹ್ಞೂಂ, ಅದೇ ಅಂದ್ಕೊಂಡೆ," ಎಂದ ಲಯನೆಲ್, ನನ್ನ ಕಡೆ ನೋಡದೆ.

ಕೊಟ್ಟುಬಿಡುತ್ತೇನೆ. ಕಾರು ಅವನದು. ಕೊಟ್ಟರೆ ನಾನು ಎರಡು ಟ್ರಯಲ್‌ನಲ್ಲಿ ಗಳಿಸಿದ್ದೆಲ್ಲ ವ್ಯರ್ಥ, ಅವನಿಗೂ ಕಪ್ ಇಲ್ಲ. ಹ್ಯಾರಪ್ ಎದುರಾಳಿಯೇ ಇಲ್ಲದೆ ಗೆಲ್ಲುತ್ತಾನೆ. ಅದಕ್ಕೆ ನನಗೇನು. ಕಪ್ಪಿನ ಮೇಲೆ ಹೆಸರು ಬಂದರೆ ಆಲೂಗಡ್ಡೆ ಬೇಯುತ್ತದೆಯೇ? ಎರಡನೆಯ ಗೇರಿಗೆ ಬದಲಿಸುವಾಗ ನನ್ನ ಕಾರು ಒಂದು ತರಹ ಗುರ್ ಎನ್ನುತ್ತದೆ, ಅದನ್ನು ಮಾತ್ರ ಅವನಿಗೆ ಹೇಳಬೇಕು.

ಫೆಬ್ರವರಿ 10, ಶನಿವಾರ

ಬೆನ್ನೆಟ್‌ನ ಓಣಿಯಲ್ಲಿ ಅಭ್ಯಾಸ. ಲಯನೆಲ್ ಓಡಿಸಿದ, ನಾನು ನನ್ನ ಹಳೆಯ ಜಾಗದಲ್ಲಿ. ಮೂರು ಸಲ ಹೋದ, ಮೂರು ಸಲವೂ ಗೇಟಿನ ತಿರುವಿನಲ್ಲಿ ನಿಂತುಹೋದ. ನವೆಂಬರಿನಲ್ಲಿ ನಾನು ಮೊದಲ ಸಲಕ್ಕೇ ಹತ್ತಿದ ತಿರುವು ಅದು.

ಮೂರನೆಯ ಸಲ ಎಂಜಿನ್ ಆರಿಸಿದ. ಆಮೇಲೆ ಹಿಂದೆ ತಿರುಗದೆಯೇ ಹೇಳಿದ: "ಮ್ಯಾವಿಸ್, ನೀನು ಕುಣೀತಾ ಇಲ್ಲ."

"ಕುಣಿದೆನಲ್ಲ. ಕಣ್ಣಿಲ್ವಾ?"

"ಕಣ್ಣಲ್ಲಿ ಯಾರು ನೋಡ್ತಾರೆ ಅದನ್ನ."

"ಚಳಿ ಕಣೋ, ಸೊಂಟ ಹಿಡ್ಕೊಂಡಿದೆ. ನಂಗೂ ಮೂವತ್ತೊಂಬತ್ತಾಯ್ತು."

"ಸರಿ ಬಿಡು," ಎಂದ. ಇಳಿದು ಬಂದು ಸೊಂಟಕ್ಕೆ ಇರಲಿ ಎಂದು ತನ್ನ ಕೋಟು ನನಗೆ ಹೊದಿಸಿದ. ಅದು ಬೇಡವಾಗಿತ್ತು. ಬೈದಿದ್ದರೆ ಚೆನ್ನಾಗಿತ್ತು.

ಸೊಂಟ ಹಿಡಿದಿರುವುದಂತೂ ನಿಜ.

ಫೆಬ್ರವರಿ 11, ಭಾನುವಾರ

ಸೊಂಟ ಸರಿಯಾಗಿದೆ. ನಿನ್ನೆಯೂ ಸರಿಯಾಗಿಯೇ ಇತ್ತು.

ಫೆಬ್ರವರಿ 20, ಮಂಗಳವಾರ

ಎಂಟು ದಿನ ಏನೂ ಬರೆಯಲಿಲ್ಲ. ಬರೆಯಲು ಕೂತರೆ ಅದೊಂದನ್ನೇ ಬರೆಯಬೇಕಾಗುತ್ತಿತ್ತು.

ಮೊದಲ ಸಲ ಚಕ್ರ ಜಾರಿದಾಗ ನನ್ನ ಬೆನ್ನಿಗೆ ತಿಳಿಯಿತು, ಎಂದಿನ ಹಾಗೆ, ಅವನಿಗಿಂತ ಮೊದಲೇ. ಏಳಬೇಕಿತ್ತು. ಅಷ್ಟರಲ್ಲಿ ಒಂದು ಯೋಚನೆ ಬಂತು: ಹತ್ತದಿದ್ದರೆ ಸ್ಟಿಯರಿಂಗ್ ನನಗೇ ವಾಪಸು ಬರುತ್ತದೆ. ಆ ಯೋಚನೆ ಮುಗಿಯುವಷ್ಟರಲ್ಲಿ ಕಾರು ನಿಂತಿತ್ತು. ಎರಡನೆಯ ಸಲ, ಮೂರನೆಯ ಸಲ ಯೋಚನೆಯೂ ಬೇಕಾಗಲಿಲ್ಲ. ನಾಚಿಕೆಯಾಗುತ್ತಿದೆ. ಪ್ಯಾಸೆಂಜರ್ ಮೋಸ ಮಾಡಿದರೆ ಬಾವುಟ ಹಿಡಿದವನಿಗೆ ಕಾಣುವುದಿಲ್ಲ, ನಿಯಮದ ಪುಸ್ತಕದಲ್ಲೂ ಅದಕ್ಕೆ ಅಂಕ ಕಳೆಯುವುದಿಲ್ಲ. ಎಲ್ಲ ನಂಬಿಕೆಯ ಮೇಲೆ ನಿಂತಿದೆ, ಆದ್ದರಿಂದಲೇ ಅದನ್ನು ಯಾರೂ ಮಾಡುವುದಿಲ್ಲ. ಆರು ಚಳಿಗಾಲ ನಾನು ಮಾಡಿರಲಿಲ್ಲ.

ಇವತ್ತು ತಿಂಡಿಯ ಹೊತ್ತಿಗೆ ಇನ್ನು ತಡೆಯಲಾಗಲಿಲ್ಲ. ಲಯನೆಲ್ ಗಂಜಿಗೆ ಉಪ್ಪು ಹಾಕಿಕೊಳ್ಳುತ್ತಿದ್ದ.

"ಆವತ್ತು ಬೆನ್ನೆಟ್ ಓಣೀಲಿ ನಾನು ಕುಣೀಲಿಲ್ಲ," ಎಂದೆ.

"ಗೊತ್ತು."

"ಸೊಂಟ ಹಿಡ್ದಿರ್ಲಿಲ್ಲ."

"ಅದೂ ಗೊತ್ತು. ನಿನ್ನ ಹದಿಮೂರು ಸ್ಟೋನ್ ಬೀಳೋದು ನನ್ನ ಸೀಟಿಗೆ ಗೊತ್ತಾಗಲ್ವೇನೇ?"

"ಗೊತ್ತಿದ್ದೂ ಕೋಟು ಯಾಕೆ ಹೊದಿಸ್ದೆ? ನಾಲ್ಕು ಬಯ್ಯೋದಲ್ವಾ?"

ಅವನು ಉಪ್ಪಿನ ಡಬ್ಬಿಯನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. "ಬಯ್ಯೋಕೆ ನಂಗೆ ಮುಖ ಎಲ್ಲಿದೆ? ಓಲ್ಡ್ ಸೋಪೀಲಿ ನಾನೂ ಕುಣೀಲಿಲ್ಲ."

ನಾನು ಚಮಚ ಕೆಳಗಿಟ್ಟೆ.

"ಬೇಕೂಂತ ಅಲ್ಲ ಮ್ಯಾವಿಸ್. ಬೇಕೂಂತಾನೇ ಇರ್ಬೇಕು, ಏನು ಹೇಳ್ಲಿ. ನೀನು 'ಈಗ' ಅಂದೆ. ಐದು ಗುಡ್ಡ ನೀನು ಅಂದಾಗ್ಲೆಲ್ಲ ಎದ್ದೆ. ಆರನೇದ್ರಲ್ಲಿ, ಇವ್ಳು ನನಗಿಂತ ಚೆನ್ನಾಗಿ ಓಡಿಸ್ತಾಳಲ್ಲಾ ಅನ್ನಿಸ್ಬಿಡ್ತು. ಮೈ ಏಳ್ಲಿಲ್ಲ."

ತೂಕ ಸಾಲದೆಂದು ನಾನು ಬರೆದಿಟ್ಟಿದ್ದೆ. ಬಿಸಿನೀರಿನ ಬಾಟಲಿ ಬೇರೆ ಕೊಟ್ಟಿದ್ದೆ. ಕೋಪ ಬಂತು, ಇಲ್ಲವೆನ್ನುವುದಿಲ್ಲ. ಆ ಮೂರು ಅಂಕ ಇದ್ದಿದ್ದರೆ ಈಗ ಹ್ಯಾರಪ್ ನನ್ನ ಹಿಂದೆ ಇರುತ್ತಿದ್ದ. ಗಂಜಿಯ ಬಟ್ಟಲನ್ನು ಅವನ ಮುಂದಿನಿಂದ ಎತ್ತಿಕೊಂಡು ಹೋಗಿ ನೀರಿಗೆ ಹಾಕಿದೆ, ಅವನು ಇನ್ನೂ ಎರಡು ಚಮಚ ತಿಂದಿದ್ದನಷ್ಟೆ. ಬೆನ್ನು ತಿರುಗಿಸಿ ನಿಂತು ಪಾತ್ರೆ ತೊಳೆದೆ. ತೊಳೆಯುತ್ತ ತೊಳೆಯುತ್ತ, ಇವನು ಒಂದು ಸಲ ಮಾಡಿದ್ದನ್ನು ನಾನು ಮೂರು ಸಲ ಮಾಡಿದೆನಲ್ಲ ಎಂದು ಹೊಳೆಯಿತು.

"ಶನಿವಾರ ನೀನೇ ಓಡಿಸು," ಎಂದ ನನ್ನ ಹಿಂದಿನಿಂದ. "ಎರಡಂಕ ಏನು ಮಹಾ. ಹ್ಯಾರಪ್‌ಗೂ ಕಾಲು ಜಾರತ್ತೆ."

"ನಿಂಗೆ ಓಡಿಸ್ಬೇಕು ಅನ್ನಿಸಲ್ವಾ?"

"ಅನ್ನಿಸತ್ತೆ. ಹೊಟ್ಟೆ ಉರಿಯತ್ತೆ ಕೂಡ. ಉರೀಲಿ ಬಿಡು, ಚಳಿಗಾಲ ಅಲ್ವಾ."

ಇನ್ನೊಂದು ಬಟ್ಟಲು ಗಂಜಿ ಬಡಿಸಿದೆ.

ಫೆಬ್ರವರಿ 24, ಶನಿವಾರ

ಮೂರನೆಯ ಟ್ರಯಲ್. ಮೊನ್ನೆಯಿಂದ ಸುರಿದ ಮಳೆಗೆ ಗುಡ್ಡಗಳೆಲ್ಲ ಗಂಜಿಯಾಗಿದ್ದವು. ಆರಂಭದ ಹಲಗೆಯ ಹತ್ತಿರ ಲಯನೆಲ್ ಎಡಗಡೆಯ ಬಾಗಿಲು ತೆರೆದು ಹತ್ತಿ ಕೂತದ್ದನ್ನು ನೋಡಿ ನಾಲ್ಕೈದು ಜನ ಪಿಸುಗುಟ್ಟಿದರು. ಹ್ಯಾರಪ್ ಹತ್ತಿರ ಬಂದು, "ಏನಯ್ಯಾ, ಕೈ ಮತ್ತೆ ಕೈಕೊಡ್ತಾ?" ಎಂದ. "ಕೈ ಚೆನ್ನಾಗಿದೆ. ನಮ್ಮ ಡ್ರೈವರ್ ಇವಳು," ಎಂದ ಲಯನೆಲ್. ಇಂಥ ಮಾತನ್ನು ಅವನು ಜನರೆದುರು ಆಡಿದ್ದು ಮೊದಲ ಸಲ. ನಾನು ಕೇಳಿಸದವಳಂತೆ ಟಯರಿನ ಗಾಳಿ ನೋಡುತ್ತಿದ್ದೆ.

ಐದು ಗುಡ್ಡ ದಾಟಿದೆ, ಎಲ್ಲೂ ನಿಲ್ಲಲಿಲ್ಲ. ಹ್ಯಾರಪ್ ಮೂರನೆಯದರಲ್ಲಿ ಒಂದಂಕ ಕಳೆದುಕೊಂಡಿದ್ದಾನೆಂದು ಯಾರೋ ಓಡಿಬಂದು ಹೇಳಿದರು. ಕೊನೆಯದು ಮತ್ತೆ ಓಲ್ಡ್ ಸೋಪಿ. ನನ್ನ ಮುಂದೆ ಹೋದ ಹದಿನಾರು ಕಾರುಗಳಲ್ಲಿ ಹನ್ನೊಂದು ಹಗ್ಗ ಕಟ್ಟಿಸಿಕೊಂಡು ಹಿಂದಕ್ಕೆ ಇಳಿದಿದ್ದವು. ಸಿರಿಲ್‌ನ ತೂಕದ ಪುಣ್ಯದಿಂದ ಹ್ಯಾರಪ್ ಹತ್ತಿದ್ದ.

ಬಾವುಟ ಬಿತ್ತು. ನಾಲ್ಕು, ಐದು, ಆರು. ಏಳನೆಯ ಗೂಟದ ಹತ್ತಿರ ಚಕ್ರ ಜಾರಿತು. ನಾನು ಬಾಯಿ ತೆರೆಯುವುದರೊಳಗೇ ಹಿಂದೆ ಧಪ್ಪೆಂದು ಬಿದ್ದ. ಮತ್ತೆ ಬಿದ್ದ. ಒಂಬತ್ತೂವರೆ ಸ್ಟೋನ್ ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಪ್ರತಿ ಸಲ ಬಿದ್ದಾಗಲೂ "ಹೋಗು, ಹೋಗು," ಎನ್ನುತ್ತಿದ್ದ, ಹಲ್ಲು ಕಚ್ಚಿ. ಎಂಟು. ಕಾರು ನಡುಗಿ, ಒಂದು ಗೇಣು ಹೋಗಿ, ಇನ್ನೊಂದು ಗೇಣು ಹೋಗಿ, ಒಂಬತ್ತು ದಾಟಿತು. ತುದಿಯ ಹುಲ್ಲಿನ ಮೇಲೆ ನಿಲ್ಲಿಸಿದಾಗ ನೋಡಿದರೆ ಅವನ ಟೋಪಿ ಇಲ್ಲ, ಕೋಟಿನ ಬೆನ್ನು ಹರಿದಿದೆ, ತುಟಿಯಲ್ಲಿ ರಕ್ತ. "ಇನ್ನೊಂದು ಗುಡ್ಡ ಇದೆಯಾ?" ಎಂದು ಕೇಳಿದ.

ಒಂದಂಕವೂ ಹೋಗಲಿಲ್ಲ. ಇಡೀ ಕ್ಲಬ್ಬಿನಲ್ಲಿ ಇವತ್ತು ಆರೂ ಗುಡ್ಡ ಹಾಗೆ ಹತ್ತಿದವಳು ನಾನೊಬ್ಬಳೇ.

ಫ್ಲೀಸ್‌ನಲ್ಲಿ ಮಿಸ್ ಓಕಿ ಒಟ್ಟು ಲೆಕ್ಕ ಬರೆದಳು. ಮೂರು ಟ್ರಯಲ್ ಸೇರಿ ಹ್ಯಾರಪ್ ಕಳೆದುಕೊಂಡದ್ದು ಆರು, ಮಿಸೆಸ್ ಎಂ. ಟ್ರಿಗ್ ಕಳೆದುಕೊಂಡದ್ದು ಏಳು. ಒಂದೇ ಒಂದು ಅಂಕಕ್ಕೆ ಕಪ್ ಹ್ಯಾರಪ್‌ಗೆ ಹೋಯಿತು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಕೈಗಳು ಬೇರೆ ಯಾರದ್ದೋ ಅನ್ನಿಸಿತು.

ಹ್ಯಾರಪ್ ಒಳ್ಳೆಯ ಮನುಷ್ಯ. ಕಪ್ ಹಿಡಿದುಕೊಂಡೇ ನಮ್ಮ ಮೇಜಿಗೆ ಬಂದ. "ಇದು ನಿಮ್ಮನೇಲಿ ಇರ್ಬೇಕಿತ್ತು ಮಿಸೆಸ್ ಟ್ರಿಗ್. ಇವತ್ತು ಓಲ್ಡ್ ಸೋಪೀನ ಹಕ್ಕಿ ಹಾರಿದ ಹಾಗೆ ಹತ್ತಿದ್ರಿ. ಜನವರೀಲಿ ಅಲ್ಲಿ ಏನಾಯ್ತು? ಅದೇ ಕಾರು, ಅದೇ ಜನ, ಇವತ್ತಿಗಿಂತ ಒಣಗಿದ ಗುಡ್ಡ."

ಪಬ್ಬಿನಲ್ಲಿ ಎಲ್ಲರೂ ನಮ್ಮ ಕಡೆ ತಿರುಗಿದರು. ಲಯನೆಲ್ ಲೋಟ ಕೆಳಗಿಟ್ಟ. ಅವನ ಕಿವಿ ಬೆರಳಿಗಿಂತ ಕೆಂಪಾಗಿತ್ತು. "ಅದು ಏನಾಯ್ತು ಅಂದ್ರೆ," ಎಂದು ಎದ್ದು ನಿಂತ. ಹೇಳಿಬಿಡುತ್ತಾನೆಂದು ಗೊತ್ತಾಯಿತು. ಒಮ್ಮೆ ಹೇಳಿದರೆ ಈ ಕಣಿವೆಯಲ್ಲಿ ಇನ್ನು ಯಾವ ಕಾರಿನ ಹಿಂದೆಯೂ ಅವನನ್ನು ಯಾರೂ ಕೂರಿಸಿಕೊಳ್ಳುವುದಿಲ್ಲ, ಅವನು ಸಾಯುವವರೆಗೂ ಫ್ಲೀಸ್‌ನ ಬಾಗಿಲು ದಾಟಿ ಬಂದಾಗಲೆಲ್ಲ ಮಾತು ನಿಲ್ಲುತ್ತದೆ.

"ನಂಗೆ ಗಾಬರಿಯಾಯ್ತು," ಎಂದೆ ನಾನು. "ಏಳನೇ ಗೂಟದ ಹತ್ರ ಚಕ್ರ ಜಾರಿತಲ್ಲ, ಹೆದರಿ ಕಾಲು ಜೋರಾಗಿ ಒತ್ತಿಬಿಟ್ಟೆ. ತಪ್ಪು ನಂದು. ಲಯನೆಲ್ ಕುಣಿದೂ ಕುಣಿದೂ ಏನೂ ಮಾಡಕ್ಕಾಗ್ಲಿಲ್ಲ."

"ಹೋಗ್ಲಿ ಬಿಡಮ್ಮಾ," ಎಂದ ಸಿರಿಲ್, ನನ್ನ ಭುಜ ತಟ್ಟುತ್ತ. "ಹೆಂಗಸ್ರಿಗೆ ಗಾಬರಿ ಸಹಜ. ಗುಡ್ಡ ಅಂದ್ರೆ ಗಂಡಸ್ರೇ ಹೆದರ್ತಾರೆ."

ಸುತ್ತಲೂ ಹೌದು ಹೌದು ಎಂದು ತಲೆ ಆಡಿದವು. ನಾನೂ ಆಡಿಸಿದೆ. ಲಯನೆಲ್ ನಿಂತೇ ಇದ್ದ. ಅವನ ಹರಿದ ಕೋಟು ಹಿಡಿದು ಎಳೆದು ಕೂರಿಸಿದೆ.

ಮನೆಗೆ ಹೊರಟಾಗ ಅವನು ತಾನಾಗಿಯೇ ಎಡಗಡೆ ಹತ್ತಿದ. ಸೇತುವೆ ದಾಟಿದ ಮೇಲೆ, "ಯಾಕೆ ಹಾಗಂದೆ?" ಎಂದು ಕೇಳಿದ.

"ಮುಂದಿನ ಚಳಿಗಾಲಕ್ಕೆ ನಂಗೆ ಕುಣಿಯೋರು ಬೇಕಲ್ಲ."

ಅವನು ನಗಲಿಲ್ಲ. ಗೇರಿನ ಮೇಲಿದ್ದ ನನ್ನ ಕೈ ಮೇಲೆ ಕೈ ಇಟ್ಟ. ಗೇರು ಬದಲಿಸಬೇಕು, ತೆಗಿ ಎಂದೆ. ತೆಗೆಯಲಿಲ್ಲ, ಅವನ ಕೈಯ ಜೊತೆಯೇ ಬದಲಿಸಿದೆ.

ಈಗ ಅವನು ಸ್ನಾನಕ್ಕೆ ಹೋಗಿದ್ದಾನೆ, ಬೆನ್ನೆಲ್ಲ ನೀಲಿಗಟ್ಟಿದೆ. ಅವನು ಬರುವುದರೊಳಗೆ ಇದೊಂದು ಸಾಲು ಬರೆದು ಮುಚ್ಚಿಡುತ್ತೇನೆ. ನನಗೆ ಗಾಬರಿಯಾಗಿರಲಿಲ್ಲ. ಜನವರಿ ಹದಿಮೂರರಂದು, ಏಳನೆಯ ಗೂಟದ ಹತ್ತಿರ, ನನ್ನ ಕಾಲು ಹೇಗಿರಬೇಕೋ ಹಾಗೆಯೇ ಇತ್ತು. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳುವುದಿಲ್ಲ.